ಈ ತುದಿಯಿಂದ

ರಸ್ತೆಯಂಚಲ್ಲಿ, ಹಳೆ ಕೋಲಾ ಬಾಟಲಿಗೆ ಮನೆಯ ವೈನು ತುಂಬಿ
ಇರಾನಿನ ಲಾರಿಯವರಿಗೆ ಮಾರುವ ಹೆಗ್ನಾರ್
ಸಂಜೆ ಅಂಗಡಿ ಎತ್ತಿ ಬರುವಾಗ ತಂದದ್ದು
ದುಡ್ಡಿನ ಡಬ್ಬಿಯಲ್ಲಿ, ಚಿಲ್ಲರೆಯ ಮೇಲೆ,
ಒಂದು ಹಿಡಿ ಚೀರಾಟ.

ಹುಲ್ಲು ಕೊಯ್ಯುವ ಯಂತ್ರ ಹಾದ ಮೇಲೆ
ಒಂದೇ ಒಂದು ಉಳಿದಿತ್ತಂತೆ.
ದೂರ ಕೂತು ಎರಡು ತಾಸು ಕಾದಳಂತೆ
ತಾಯಿ ಬಂದೀತೆಂದು.
ಬಂದದ್ದು ಬೆಕ್ಕು.

ಯಾವ ಹಕ್ಕಿ?
ಕೋಳಿಮರಿ, ಅಂದಳು ಪಕ್ಕದ ಮನೆಯ ಸಾತೆನಿಕ್, ಕನ್ನಡಕವಿಲ್ಲದೆ.
ಲಾವಕ್ಕಿ, ಅಂದರು ಮೇಷ್ಟ್ರು,
ಬೆನ್ನ ಮೇಲೆ ಅಳಿಲಿಗಿರುವಂಥ ಗೀರು ನೋಡಿ.
ಫೋನು ಮೂರು ಫೋಟೋಗೆ ಮೂರು ಉತ್ತರ ಕೊಟ್ಟಿತು,
ಅದರಲ್ಲೊಂದು ಮುಳ್ಳುಹಂದಿ.

ಮಾವ ಗರೆಗಿನ್ ಕೈಗೆತ್ತಿಕೊಂಡ.
ನಲವತ್ತು ಚಳಿಗಾಲ ಈ ಬೆಟ್ಟಗಳಲ್ಲಿ ಬೇಟೆಯಾಡಿದ ಕೈ.
ಕಾಲು ನೋಡಿದ. ಕೊಕ್ಕಿನ ತುದಿಯ ಬಿಳಿ ಚುಕ್ಕಿ ನೋಡಿದ
(ಒಳಗಿಂದ ಕದ ತಟ್ಟಿದ ಗುರುತು ಅದು, ಬೇಗ ಉದುರುತ್ತೆ).
ಗೊತ್ತಿಲ್ಲ, ಅಂದ.
ನಾನು ಯಾವುದನ್ನೂ ಈ ತುದಿಯಿಂದ ನೋಡಿಲ್ಲ.

ಶೂ ಡಬ್ಬಿ. ಸ್ವೆಟರಿನ ಕತ್ತರಿಸಿದ ತೋಳು. ನಲವತ್ತು ವಾಟಿನ ಬಲ್ಬು.
ಕರೆಂಟು ಹೋದ ರಾತ್ರಿ ಬಿಸಿನೀರ ಬಾಟಲಿ.
ಬಲ್ಬಿನಿಂದ ದೂರ ಓಡಿದರೆ ಸೆಖೆ,
ಅದರ ಕೆಳಗೇ ಮುದುರಿದರೆ ಚಳಿ.
ಎರಡೂ ಅಲ್ಲದೆ ಕೂಗಿದರೆ?
ಅದಕ್ಕೆ ಬಲ್ಬು ಸಿಗುವುದಿಲ್ಲ.

ಮುಳುಗದಿರಲೆಂದು ನೀರಿನ ತಟ್ಟೆಗೆ ಬೆಣಚುಕಲ್ಲು.
ಬೇಯಿಸಿದ ಮೊಟ್ಟೆಯ ಹಳದಿ, ಗೋಧಿ ನುಚ್ಚು,
ಮುಟ್ಟಲಿಲ್ಲ ಒಂದು ಹಗಲೆಲ್ಲ.
ಹೆಗ್ನಾರ್ ತೋರುಬೆರಳು ಬಗ್ಗಿಸಿ, ಕೊಕ್ಕು ಮಾಡಿ,
ನೆಲ ಕುಟ್ಟಿದಳು, ಟಕ್, ಟಕ್,
ತಿಂದ ಹಾಗೆ ನಟಿಸಿದಳು, ಬಾಯಿ ಕೂಡ ಚಪ್ಪರಿಸಿ.
ತಿಂದಿತು: ಮೊದಲೊಂದು ಇರುವೆ,
ಆಮೇಲೆ ಅವಳ ಉಗುರಿನ ಬಣ್ಣ.

ಕನ್ನಡಿ ಒರಗಿಸಿಟ್ಟಳು.
ಒಳಗಿನ ಮರಿಗೆ ಮೈ ತಾಗಿಸಿ ನಿದ್ದೆಹೋಯಿತು.
ಗಾಜು ತಣ್ಣಗಿತ್ತು.

ಹನ್ನೆರಡನೆಯ ದಿನ ಶಿರಾಜಿನ ಡ್ರೈವರೊಬ್ಬ,
ಬೆಲೆಗೆ ಚೌಕಾಸಿ ಮಾಡುತ್ತಿದ್ದವ, ಅರ್ಧಕ್ಕೇ ನಿಂತು
ಡಬ್ಬಿಯತ್ತ ಕಿವಿಗೊಟ್ಟ.
ಕಬ್ಕ್, ಅಂದ. ಅಜ್ಜ ಸಾಕಿದ್ದರು.
ಕಕಾವ್! ಅಂದಳು ಹೆಗ್ನಾರ್.
ಗಡಿಯ ಆಚೆಗೂ ಈಚೆಗೂ
ಅದರ ಕೂಗನ್ನೇ ಕದ್ದು ಅದಕ್ಕೆ ಹೆಸರಿಟ್ಟಿದ್ದಾರೆ.
(ನನ್ನ ನುಡಿಯಲ್ಲಿ ಇದು ಚಕೋರ,
ಬೆಳದಿಂಗಳು ಕುಡಿದೇ ಬದುಕುತ್ತದೆ.
ಸದ್ಯ, ಆ ಮನೆಯಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ.
ಮರಿ ಹಸಿವಿನಿಂದ ಸತ್ತೇ ಹೋಗುತ್ತಿತ್ತು.)

ಆ ರಾತ್ರಿ ಗರೆಗಿನ್ ಊಟಕ್ಕೆ ಬರಲಿಲ್ಲ.
ಅಟ್ಟದ ಮೇಲೆ ತಡಕಾಡಿದ ಸದ್ದು.
ಇಳಿದಾಗ ಕೈಯಲ್ಲಿ ಏಪ್ರಿಕಾಟ್ ಬೀಜ ತೇದು ಮಾಡಿದ ಸೀಟಿ.
ಇದನ್ನೂದಿದರೆ ಬರುತ್ತಿದ್ದವು,
ತಮ್ಮವರೇ ಕರೆದರೆಂದು, ಹಾರದೆ, ನಡೆದುಕೊಂಡೇ,
ಕೋವಿಯ ಬಾಯಿಗೆ.

ಒಲೆಗೆ ಬೆನ್ನು ಮಾಡಿ ಊದಿದ.
ಕಕಬ, ಕಕಬ, ಕಕಬ.
ಮರಿ ಕನ್ನಡಿ ಬಿಟ್ಟು ತಿರುಗಿತು.

ದಿನಾ ಪಾಠ. ದ್ರಾಕ್ಷಿ ಹಣ್ಣಾಗುವಷ್ಟರಲ್ಲಿ ಕಾಲು ಕೆಂಪಾಯಿತು,
ಕಣ್ಣಿಂದ ಕೊರಳಿಗೆ ಕಪ್ಪು ಪಟ್ಟಿ ಇಳಿಯಿತು.
ಈಗ ಗುರುತು ಸಿಕ್ಕಿತು, ಅಂದ ಮುದುಕ,
ಇನ್ನೇನೂ ಹೇಳಲಿಲ್ಲ.

ಅಕ್ಟೋಬರಿನಲ್ಲಿ ಬುಟ್ಟಿ ಹೊತ್ತು ಬೆಟ್ಟಕ್ಕೆ ಹೋದ.
ಹೆಗ್ನಾರ್ ಬರಲಿಲ್ಲ; ಅಂಗಡಿ ಇತ್ತು, ಅಂದಳು.
ಮುಚ್ಚಳ ತೆಗೆದ. ಹೊರಬಂದು ಅದು
ಅವನ ಬೂಟಿನ ಮೇಲೇ ನಿಂತಿತು.
ಊದಿದ. ಎದುರಿನ ಇಳಿಜಾರಿನಿಂದ ಉತ್ತರ ಬಂತು,
ಒಂದು, ಆಮೇಲೆ ನಾಲ್ಕೈದು.

ಮತ್ತೆ ಊದಲು ಹೋದವನು
ಸೀಟಿಯನ್ನು ಬಾಯಿಂದ ತೆಗೆದ.
ನಂಬಿ ಬಂದುಬಿಟ್ಟಾವು.

ತುಂಬ ಹೊತ್ತು ಸುಮ್ಮನಿದ್ದರು ಇಬ್ಬರೂ.
ಆಮೇಲೆ ಅದು ಬೂಟಿನಿಂದ ಇಳಿದು,
ಕೊರಳು ಚಾಚಿ, ತುಸು ಒರಟಾಗಿ,
ಸೀಟಿಯದೇ ಉಚ್ಚಾರಣೆಯಲ್ಲಿ
ತನ್ನ ಹೆಸರು ಹೇಳಿತು.